ಗಾಡಿ ಬಿಟ್ಟ ಜಾಗದಲ್ಲಿ ಬೆಳೆದ ಪೇಟೆ

ತಿಪಟೂರಿನಿಂದ ಅರಸೀಕೆರೆ ಕಡೆಗೆ ರೈಲಿನಲ್ಲಿ ಹೊರಟರೆ ‘ಹೊನ್ನವಳ್ಳಿ ರೋಡ್’ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಊರು ಅಲ್ಲಿಲ್ಲ, ಊರಿಗೆ ಹೋಗುವ ದಾರಿ ಅಲ್ಲಿದೆ. ಹೊನ್ನವಳ್ಳಿ ಒಂದು ಕಾಲಕ್ಕೆ ಈ ಸೀಮೆಯ ತಾಲೂಕು ಕೇಂದ್ರ. ಇವತ್ತಿನ ತಿಪಟೂರು ತಾಲೂಕನ್ನು ಆಗ ಹೊನ್ನವಳ್ಳಿ ತಾಲೂಕು ಎಂದೇ ಕರೆಯುತ್ತಿದ್ದರು. ರೈಲಿನ ಹಳಿ ಹೊನ್ನವಳ್ಳಿಯನ್ನು ಪಕ್ಕಕ್ಕೆ ಬಿಟ್ಟು ತಿಪಟೂರನ್ನು ಮುಟ್ಟಿಕೊಂಡು ಹೋಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ತಾಲೂಕಿನ ಹೆಸರೂ ಕಚೇರಿಯೂ ತಿಪಟೂರಿನ ಪಾಲಾಗಿದ್ದವು.

ತಿಪಟೂರು ಪೇಟೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ರೈಲು ಬಂತು, ಪೇಟೆ ಬೆಳೆಯಿತು ಎನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ರೈಲು ಸರಕನ್ನು ಇಲ್ಲಿಂದ ಹೊರಗೆ ಒಯ್ದಿತು. ಆ ಸರಕನ್ನು ಇಲ್ಲಿಗೆ ತಂದವರು ಯಾರು? ಚಿಕ್ಕನಾಯಕನಹಳ್ಳಿ, ಹುಳಿಯಾರು, ತುರುವೇಕೆರೆ, ನೊಣವಿನಕೆರೆ ಕಡೆಯ ನೂರಾರು ತೋಟಗಳಿಂದ ಚೀಲ ಚೀಲ ಕೊಬ್ಬರಿ ತಿಪಟೂರಿನ ಬೀದಿಗೆ ಬಂದು ಬಿದ್ದದ್ದು ಎತ್ತಿನ ಗಾಡಿಯ ಮೇಲೆ. ಮೊದಲು ಗಾಡಿಗಳು ಬಂದು ನಿಂತವು, ಅವು ನಿಂತ ಕಡೆ ಅಂಗಡಿ ಎದ್ದಿತು. ಈ ಲೇಖನ ಆ ಗಾಡಿಗಳ ಮತ್ತು ಗಾಡಿ ಹೊಡೆದವರ ಕುರಿತದ್ದು.

ಸರಕಿನ ಗಾಡಿಯೂ ಈ ಸೀಮೆಗೆ ತೀರಾ ಹಳೆಯದಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲಿ ಹಾದುಹೋದಾಗ ಸರಕು ಸಾಗುತ್ತಿದ್ದದ್ದು ಬಹುಪಾಲು ಹೇರೆತ್ತುಗಳ ಬೆನ್ನ ಮೇಲೆ. ಎತ್ತಿನ ಬೆನ್ನಿಗೆ ಎರಡೂ ಕಡೆ ಚೀಲ ಇಳಿಬಿಟ್ಟು, ಹಿಂಡುಹಿಂಡಾಗಿ ಹೊಡೆದುಕೊಂಡು ಹೋಗುವ ವ್ಯಾಪಾರ ಅದು. ಬಡವರ ಸರಕಿಗೆ ಕತ್ತೆ, ತಟ್ಟು ಕುದುರೆ. ಆಗ ಈ ಭಾಗದ ದೊಡ್ಡ ವ್ಯಾಪಾರದ ಊರೆಂದರೆ ಗುಬ್ಬಿ. ಅಡಿಕೆಗೂ ಕೊಬ್ಬರಿಗೂ ಅಲ್ಲಿನ ಸಂತೆಯೇ ಗತಿ. ಕೆರೆಯ ಏರಿ, ಹೊಲದ ಬದು, ಹಳ್ಳದ ಮರಳು ಎಲ್ಲವನ್ನೂ ನಾಲ್ಕು ಕಾಲಿನ ಮೇಲೆ ದಾಟಬಹುದು, ಎರಡು ಚಕ್ರದ ಮೇಲೆ ಆಗದು. ಗಾಡಿಗೆ ರಸ್ತೆ ಬೇಕು. ಆ ರಸ್ತೆ ಬಂದದ್ದು ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ. 1834ರಿಂದ 1861ರವರೆಗಿನ ಅವರ ಆಡಳಿತ ಮುಗಿಯುವಾಗ ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆಯೂ ಮುನ್ನೂರಕ್ಕೂ ಹೆಚ್ಚು ಸೇತುವೆಗಳೂ ಆಗಿದ್ದವು. ಬೆಂಗಳೂರಿನಿಂದ ಶಿವಮೊಗ್ಗದ ಕಡೆಗೆ ಹೋಗುವ ಹೆದ್ದಾರಿ ತಿಪಟೂರಿನ ನಡುವೆಯೇ ಹಾಯಿತು. ಇವತ್ತಿಗೂ ಊರಿನವರ ಬಾಯಲ್ಲಿ ಅದು ಬಿ.ಎಚ್. ರೋಡು, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ರೈಲಿಗಿಂತ ಮೊದಲು ಈ ರಸ್ತೆ ಬಂತು, ಈ ರಸ್ತೆಯ ಮೇಲೆ ಗಾಡಿ ಬಂತು. ಇದನ್ನು ಮರೆಯಬಾರದು.

ಇನ್ನು ರೈಲು. 1876–78ರ ಭೀಕರ ಬರದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತದ್ದನ್ನು ಕಂಡ ಮೇಲೆ ಮೈಸೂರು ಸರ್ಕಾರ ರೈಲಿನ ಕೆಲಸಕ್ಕೆ ಗಟ್ಟಿ ಮನಸ್ಸು ಮಾಡಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ನಡೆದ ಕೆಲಸ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮುಂದುವರಿಯಿತು. 1884ರಲ್ಲಿ ಮೀಟರ್‌ಗೇಜ್ ರೈಲು ಬೆಂಗಳೂರಿನಿಂದ ತುಮಕೂರು ಮುಟ್ಟಿತು. 1889ರ ಹೊತ್ತಿಗೆ ತಿಪಟೂರು, ಅರಸೀಕೆರೆ, ಬೀರೂರು ದಾಟಿ ಹರಿಹರ ತಲುಪಿತು. ಅಲ್ಲಿಂದಾಚೆಗೆ ಹುಬ್ಬಳ್ಳಿ, ಬೆಳಗಾವಿ, ಪುಣೆಯ ದಾರಿ ತೆರೆಯಿತು. ತಿಪಟೂರಿನ ಕೊಬ್ಬರಿ ಉತ್ತರಕ್ಕೆ ಹೋಗಲು ಇಷ್ಟು ಸಾಕಾಯಿತು.

ರೈಲು ಬಂದರೆ ಗಾಡಿಗೆ ಕೆಲಸ ತಪ್ಪುತ್ತದೆ ಎಂದುಕೊಳ್ಳುವುದು ಸಹಜ. ಆದದ್ದು ಉಲ್ಟಾ. ತುಮಕೂರಿನವರೆಗೋ ಬೆಂಗಳೂರಿನವರೆಗೋ ಹೋಗುವ ದೂರದ ಬಾಡಿಗೆ ಕಡಿಮೆಯಾಯಿತು, ನಿಜ. ಆದರೆ ಹಳ್ಳಿಯಿಂದ ನಿಲ್ದಾಣಕ್ಕೆ, ಮಂಡಿಯಿಂದ ಗೂಡ್ಸ್ ಶೆಡ್ಡಿಗೆ, ನಿಲ್ದಾಣದಿಂದ ಮತ್ತೆ ಹಳ್ಳಿಗೆ ಸಣ್ಣ ದೂರದ ಬಾಡಿಗೆ ಹಲವು ಪಟ್ಟು ಹೆಚ್ಚಿತು. ರೈಲಿನ ಒಂದು ವ್ಯಾಗನ್ ತುಂಬಬೇಕಾದರೆ ಹತ್ತಾರು ಗಾಡಿ ಬಂದು ನಿಲ್ಲಬೇಕು. ತುರುವೇಕೆರೆಯವರಿಗೆ ಬಾಣಸಂದ್ರದ ನಿಲ್ದಾಣವೂ ಒಂದು ಬಾಗಿಲಾಯಿತು. ಆದರೂ ಬೆಲೆ ಕುದುರುವ ಜಾಗ ತಿಪಟೂರೇ.

ಏಕೆ ತಿಪಟೂರೇ? ಇದಕ್ಕೆ ಉತ್ತರ ಎತ್ತಿನ ನಡಿಗೆಯಲ್ಲಿದೆ ಎಂದು ನನ್ನ ನಂಬಿಕೆ. ಭಾರ ಹೊತ್ತ ಜೋಡೆತ್ತು ಗಂಟೆಗೆ ಮೂರರಿಂದ ನಾಲ್ಕು ಕಿಲೋಮೀಟರ್ ನಡೆಯುತ್ತದೆ. ತಿಪಟೂರಿನಿಂದ ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ಹೆಚ್ಚುಕಡಿಮೆ ಮೂವತ್ತು ಮೂವತ್ತು ಕಿಲೋಮೀಟರ್. ಸಂಜೆ ಗಾಡಿ ಕಟ್ಟಿದರೆ ಬೆಳಕು ಹರಿಯುವ ಹೊತ್ತಿಗೆ ಪೇಟೆ. ಮಧ್ಯಾಹ್ನ ಮಾರಾಟ ಮುಗಿಸಿ, ಸಾಮಾನು ಕೊಂಡು, ಎತ್ತಿಗೆ ದಣಿವಾರಿಸಿ, ಮತ್ತೆ ಸಂಜೆ ಹೊರಟರೆ ಮರುದಿನ ಬೆಳಿಗ್ಗೆ ಮನೆ. ಒಂದು ರಾತ್ರಿಯ ದಾರಿ ಅದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲೂಕಿನ ತೆಂಗಿನ ತೋಟಗಳ ಬಹುಭಾಗ ಈ ಒಂದು ರಾತ್ರಿಯ ಸುತ್ತಳತೆಯೊಳಗೇ ಬರುತ್ತದೆ. ಪೇಟೆಯ ಎಲ್ಲೆಯನ್ನು ಯಾವ ಅಮಲ್ದಾರರೂ ಗೆರೆ ಎಳೆದು ಗೊತ್ತುಮಾಡಲಿಲ್ಲ. ಎತ್ತುಗಳು ನಡೆದು ಗೊತ್ತುಮಾಡಿದವು.

ಕೊಬ್ಬರಿಗೂ ಗಾಡಿಗೂ ಇರುವ ನಂಟು ಇದಕ್ಕಿಂತ ಆಳದ್ದು. ಮಟ್ಟೆ ಸಮೇತ ಒಂದು ಕಾಯಿ ಒಂದು ಕಿಲೋಗೂ ಹೆಚ್ಚು ತೂಗುತ್ತದೆ. ಅದೇ ಕಾಯಿ ಉಂಡೆ ಕೊಬ್ಬರಿಯಾದಾಗ ನೂರೈವತ್ತು ಗ್ರಾಮಿನ ಒಳಗೆ. ಒಂದು ಕ್ವಿಂಟಾಲ್ ಕೊಬ್ಬರಿಗೆ ಏಳೆಂಟು ನೂರು ಕಾಯಿ ಬೇಕು. ಹಸಿ ಕಾಯಿ ತುಂಬಿದರೆ ಗಾಡಿಗೆ ಒಂದು ಸಾವಿರ ಹಿಡಿಸುವುದೂ ಕಷ್ಟ. ಕೊಬ್ಬರಿ ಮಾಡಿ ತುಂಬಿದರೆ ಒಂದೇ ಗಾಡಿಯಲ್ಲಿ ಐದಾರು ಸಾವಿರ ಕಾಯಿಯ ಫಸಲು ಪೇಟೆ ಸೇರುತ್ತದೆ. ಮಟ್ಟೆ, ಕಂಟ (ಚಿಪ್ಪು), ನೀರು ಎಲ್ಲವನ್ನೂ ತೋಟದಲ್ಲೇ ಬಿಟ್ಟು ತಿರುಳನ್ನು ಮಾತ್ರ ದಾರಿಗೆ ಹಾಕಿದ ರೈತನ ಲೆಕ್ಕ ಇದು. ಮಟ್ಟೆ ಒಲೆಗೆ, ನಾರು ಹಗ್ಗಕ್ಕೆ, ಕಂಟ ಇದ್ದಿಲಿಗೆ. ಸಮುದ್ರದ ಕಡೆಯ ತೇವದ ಗಾಳಿಯಲ್ಲಿ ಕಾಯಿ ಒಡೆದು ಒಣಗಿಸಿ ಎಣ್ಣೆಗೆ ಕೊಡುತ್ತಾರೆ. ನಮ್ಮ ಒಣ ಹವೆಯಲ್ಲಿ ಮಾತ್ರ ಇಡೀ ಕಾಯಿ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಕೂತು, ಒಳಗಿನ ನೀರು ತಾನೇ ಆರಿ, ತಿರುಳು ಕಂಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು, ಆಗ ಅದು ಸುಲಿಯಲು ಬಂತೆಂದು ಅರ್ಥ. ಆತುರಪಟ್ಟು ಸುಲಿದರೆ ಹಸಿ ಉಳಿದು ಕೌಟು ಹಿಡಿಯುತ್ತದೆ. ಒಡೆಯುವಾಗ ಏಟು ತಪ್ಪಿದರೆ ಉಂಡೆ ಹೋಗಿ ಚೂರಾಗುತ್ತದೆ, ಬೆಲೆಯೂ ಚೂರಿನದೇ. ಈ ಏಟಿನ ಹದ ಬಲ್ಲ ಹೆಣ್ಣುಮಕ್ಕಳ ಕೈಗೆ ನಮ್ಮ ಸೀಮೆ ಕೊಡಬೇಕಾದ ಮರ್ಯಾದೆಯನ್ನು ಇನ್ನೂ ಪೂರ್ತಿ ಕೊಟ್ಟಿಲ್ಲ.

ಹೀಗೆ ಒಂದು ವರ್ಷ ಅಟ್ಟದಲ್ಲಿ ಕಾಪಾಡಿದ ಮಾಲನ್ನು ಗಾಡಿಗೆ ಹೇರುವುದೂ ಒಂದು ಕಸುಬೇ. ಗೋಣಿಚೀಲಕ್ಕೆ ತುಂಬಿ, ದಬ್ಬಳದಲ್ಲಿ ಹುರಿ ಪೋಣಿಸಿ ಬಾಯಿ ಹೊಲಿಯಬೇಕು. ಗಾಡಿಯ ಹಾಸಿಗೆ ಹುಲ್ಲು ಹಾಕಿ ಮೇಲೆ ಚೀಲ ಜೋಡಿಸಬೇಕು. ಭಾರ ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮೂಕಿಯ ತುದಿ ಹಿಡಿದು ಒಮ್ಮೆ ಎತ್ತಿ ನೋಡಿ ಹದ ಗೊತ್ತುಮಾಡಿಕೊಳ್ಳುವುದು ಗಾಡಿಯವನ ವಿದ್ಯೆ. ಮಳೆಗೆ ಚಾಪೆಯೋ ಸೋಗೆಯೋ ಹೊದಿಸಬೇಕು. ಕೊಬ್ಬರಿಗೆ ಒಂದು ಹನಿ ನೀರು ತಾಕಿದರೂ ವರ್ಷದ ಕಾವಲು ಹಾಳು. ಗಾಡಿಯ ಕೆಳಗೆ ಒಂದು ಲಾಟೀನು, ಪಕ್ಕದಲ್ಲಿ ಕೀಲೆಣ್ಣೆಯ ಗೊಟ್ಟ. ನಾಲ್ಕೈದು ಗಾಡಿ ಒಟ್ಟಿಗೆ ಹೊರಡುತ್ತಿದ್ದವು. ಮುಂದಿನ ಗಾಡಿಯವನು ಎಚ್ಚರವಾಗಿದ್ದರೆ ಹಿಂದಿನವರು ಚೀಲಗಳ ಮೇಲೆ ಒರಗಿ ಕಣ್ಣು ಮುಚ್ಚಬಹುದು, ಎತ್ತುಗಳಿಗೆ ದಾರಿ ಗೊತ್ತು. ನಡುವೆ ಕೆರೆಯ ಏರಿಯ ಕೆಳಗೋ ಗೋಕಟ್ಟೆಯ ಪಕ್ಕದಲ್ಲೋ ಗಾಡಿ ಬಿಟ್ಟು, ಎತ್ತಿಗೆ ನೀರು ಕುಡಿಸಿ, ಕಟ್ಟಿಕೊಂಡು ಬಂದ ಮುದ್ದೆ ಬಿಚ್ಚುತ್ತಿದ್ದರು.

ಎತ್ತುಗಳ ವಿಷಯದಲ್ಲಿ ಈ ಸೀಮೆ ಪುಣ್ಯ ಮಾಡಿತ್ತು. ತುಮಕೂರು, ಹಾಸನ, ಮಂಡ್ಯದ ಹಳ್ಳಿಕಾರ್ ತಳಿ ದಾರಿ ನಡೆಯಲು ಹುಟ್ಟಿದ ತಳಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ಎತ್ತುಗಳು ಫಿರಂಗಿ ಎಳೆದವು. ಅವುಗಳ ಕಾವಲುಗಳು ನಮ್ಮ ತಾಲೂಕುಗಳಲ್ಲೂ ಇದ್ದವು. ತಿಪಟೂರು ತಾಲೂಕಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇಂದಿಗೂ ಇದೆ. ತುರುವೇಕೆರೆಯ ಹೆಸರಿನಲ್ಲೇ ತುರು ಇದೆಯಲ್ಲ. ಗಾಡಿಗೆ ಒಳ್ಳೆಯ ಜೋಡಿ ಬೇಕಾದರೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗುವುದು ವಾಡಿಕೆ. ಹಲ್ಲು ಹಿಡಿದು ವಯಸ್ಸು ನೋಡಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ ನೋಡಿ, ಕೊನೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುತ್ತಿದ್ದರು.

ಈಗ ಪೇಟೆಯ ಬೀದಿಗೆ ಬರೋಣ. ದೊಡ್ಡಪೇಟೆ ಮತ್ತು ಬಿ.ಎಚ್. ರೋಡಿನ ಆಸುಪಾಸಿನ ಹಳೆಯ ವ್ಯಾಪಾರವನ್ನು ಒಂದೊಂದಾಗಿ ನೆನೆದರೆ ಪ್ರತಿಯೊಂದರ ಬುಡದಲ್ಲೂ ಒಂದು ಗಾಡಿ ಸಿಗುತ್ತದೆ. ಮಂಡಿಯ ಮುಂದೆ ಅಗಲವಾದ ಜಗಲಿ ಏಕೆ? ಗಾಡಿಯ ಹಿಂಭಾಗ ಒರಗಿಸಿ ಚೀಲ ಇಳಿಸಲು. ಹಿತ್ತಲಲ್ಲಿ ದೊಡ್ಡ ಬಯಲು, ಬಾವಿ, ಕಲ್ಲಿನ ಬಾನಿ ಏಕೆ? ಎತ್ತು ಕಟ್ಟಲು. ಹಿಂಡಿ-ಬೂಸಾ ಅಂಗಡಿ, ಹಗ್ಗ-ಮೂಗುದಾರದ ಅಂಗಡಿ, ಲಾಳ ಕಟ್ಟುವವರು, ಬಡಗಿಯ ಕೊಟ್ಟಿಗೆ, ಕುಲುಮೆ ಎಲ್ಲ ಗಾಡಿಯನ್ನೇ ನಂಬಿದವು. ಗಾಡಿಯವರಿಗೆ ಊಟ ಹಾಕುವ ಹೋಟೆಲು, ರಾತ್ರಿ ಮಲಗಲು ಛತ್ರ. ಖಾಲಿ ಗಾಡಿ ಹಿಂದಿರುಗಿದರೆ ನಷ್ಟ. ಹಾಗಾಗಿ ಮರಳುವಾಗ ಉಪ್ಪು, ಸೀಮೆಎಣ್ಣೆ, ಬೆಲ್ಲ, ಕಬ್ಬಿಣದ ಸಾಮಾನು, ಹಬ್ಬದ ಜವಳಿ, ಗ್ರಂದಿಗೆ ಅಂಗಡಿಯ ಅರಿಶಿನ-ಕುಂಕುಮ ಹೇರಿಕೊಂಡು ಹೋಗುತ್ತಿದ್ದರು. ಹಳ್ಳಿಯ ಚಿಲ್ಲರೆ ಅಂಗಡಿ ತುಂಬುತ್ತಿದ್ದದ್ದು ಹೀಗೆ. ಹೋದದ್ದು ಕೊಬ್ಬರಿ, ಬಂದದ್ದು ಸಂಸಾರ.

ಕುಲುಮೆಯಲ್ಲಿ ಚಕ್ರಕ್ಕೆ ಹಳಿ ಕಟ್ಟುವುದನ್ನು ಕಂಡವರು ಮರೆಯುವುದಿಲ್ಲ. ಕರಿಜಾಲಿಯಂಥ ಗಟ್ಟಿ ಮರದಲ್ಲಿ ಗುಂಬ, ಅರೆಕಾಲು, ಸುತ್ತಿನ ಬಳೆ ಸೇರಿಸಿ ಬಡಗಿ ಚಕ್ರ ಮಾಡಿಕೊಟ್ಟಿರುತ್ತಾನೆ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ಚಕ್ರದ ಸುತ್ತಳತೆಗಿಂತ ಒಂದಿಷ್ಟು ಕಿರಿದಾಗಿಯೇ ಬೆಸೆಯುತ್ತಾನೆ. ಆ ಒಂದಿಷ್ಟು ಎಷ್ಟು ಎಂಬುದೇ ಅವನ ವಿದ್ಯೆ. ಬಯಲಿನಲ್ಲಿ ಹಳಿಯನ್ನು ಮಲಗಿಸಿ, ಸುತ್ತ ಬೆರಣಿ ಪೇರಿಸಿ ಬೆಂಕಿ ಕೊಡುತ್ತಾರೆ. ಹಳಿ ಕೆಂಡದ ಬಣ್ಣಕ್ಕೆ ಬಂದು ಹಿಗ್ಗಿದಾಗ ಮೂರು ನಾಲ್ಕು ಜನ ಉದ್ದನೆಯ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸಿ ಬಡಿಯುತ್ತಾರೆ. ಮರ ಹೊತ್ತಿಕೊಳ್ಳುತ್ತದೆ, ಹೊಗೆ ಏಳುತ್ತದೆ. ಅದೇ ಗಳಿಗೆಯಲ್ಲಿ ಕೊಡ ಕೊಡ ನೀರು ಸುರಿಯಬೇಕು. ಹಳಿ ಚುಯ್ಯೆಂದು ಕುಗ್ಗುತ್ತಿದ್ದಂತೆ ಕೀಲು ಕೀಲೂ ಲಟಲಟನೆ ಬಿಗಿದುಕೊಳ್ಳುತ್ತದೆ. ಒಂದು ಮೊಳೆಯಿಲ್ಲದೆ ಮರಕ್ಕೂ ಕಬ್ಬಿಣಕ್ಕೂ ಬಿದ್ದ ಆ ಬೆಸುಗೆ ವರ್ಷಗಟ್ಟಲೆ ಹತ್ತು ಕ್ವಿಂಟಾಲ್ ಹೊರುತ್ತದೆ. ಬಿಸಿಲು ಕಾಲದಲ್ಲಿ ಮರ ಒಣಗಿ ಹಳಿ ಸಡಿಲವಾದರೆ ಚಕ್ರವನ್ನು ಕೆರೆಯ ನೀರಿನಲ್ಲಿ ಮುಳುಗಿಸಿ ಇಡುವುದು ಗಾಡಿಯವರ ಉಪಾಯ.

ಕುದುರೆಗೂ ಈ ಬೀದಿಯಲ್ಲಿ ಜಾಗವಿತ್ತು, ಆದರೆ ಸರಕಿಗಲ್ಲ. ಜಟಕಾ ಜನರ ವಾಹನ. ರೈಲಿನ ಹೊತ್ತಿಗೆ ನಿಲ್ದಾಣದ ಮುಂದೆ ಸಾಲಾಗಿ ನಿಂತು, ಪರಸ್ಥಳದ ವ್ಯಾಪಾರಿಗಳನ್ನು ಮಂಡಿಗೆ, ನೆಂಟರನ್ನು ಮನೆಗೆ ತಲುಪಿಸುತ್ತಿದ್ದವು. ಸರಕಿನ ವ್ಯಾಪಾರಕ್ಕೆ ಎತ್ತು ಬೇಕು, ಬೇಗ ಮುಟ್ಟಲು ಕುದುರೆ ಬೇಕು. ಹುರುಳಿ ಎರಡಕ್ಕೂ ಬೇಕು, ಅದನ್ನು ಮಾರಿದ ಅಂಗಡಿಯವನು ಗಾಡಿಯವನಿಗೂ ಜಟಕಾದವನಿಗೂ ಸಾಲ ಕೊಟ್ಟ.

ಮಂಡಿ ಎನ್ನುವುದು ನಮ್ಮಲ್ಲಿ ಅಂಗಡಿಗಿಂತ ದೊಡ್ಡ ಮಾತು. ಮಂಡಿಯವರು ರೈತನ ಮಾಲು ಮಾರಿಕೊಡುವ ದಲ್ಲಾಳಿಗಳೂ ಹೌದು, ಮಗಳ ಮದುವೆಗೆ, ಬಾವಿ ತೋಡಲು ಮುಂಗಡ ಕೊಡುವ ಸಾಹುಕಾರರೂ ಹೌದು. ಆ ಋಣದಲ್ಲಿ ವಿಶ್ವಾಸವೂ ಇತ್ತು, ಕಟ್ಟೂ ಇತ್ತು. ಮುಂಗಡ ತೆಗೆದುಕೊಂಡವನ ಗಾಡಿ ಬೇರೆ ಮಂಡಿಯ ಮುಂದೆ ನಿಲ್ಲುವಂತಿರಲಿಲ್ಲ. ಮಣ, ಸೇರುಗಳ ತೂಕದಲ್ಲಿ, ಹಲವು ಹೆಸರಿನ ಕಡಿತಗಳಲ್ಲಿ ರೈತನ ಪಾಲು ಸವೆಯುತ್ತಿದ್ದ ಕಾಲ ಅದು. ಇದನ್ನು ಸರಿಪಡಿಸಲೆಂದೇ ಮೈಸೂರು ಸಂಸ್ಥಾನ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯ್ದೆ ತಂದಿತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಬೆನ್ನಿಗೆ ಮಣ ಹೋಗಿ ಕ್ವಿಂಟಾಲ್ ಬಂತು. 1966ರ ಕಾಯ್ದೆಯಿಂದ ಇವತ್ತಿನ ರೂಪದ ಎಪಿಎಂಸಿ ಬಂತು. ವ್ಯಾಪಾರ ಬೀದಿಯ ಜಗಲಿಯಿಂದ ಪ್ರಾಂಗಣದ ಹರಾಜು ಕಟ್ಟೆಗೆ ಸರಿಯಿತು. ಬುಧವಾರ, ಶನಿವಾರದ ಹರಾಜಿನ ದಿನಗಳು ಬಹಳ ವರ್ಷ ಮೂರು ತಾಲೂಕಿನ ಪಂಚಾಂಗವೇ ಆಗಿದ್ದವು. ಹರಾಜಿನ ಹಿಂದಿನ ರಾತ್ರಿ ಹೊರಟ ಗಾಡಿಗಳ ಗಂಟೆ ಸದ್ದಿನಲ್ಲಿ ದಾರಿಯ ಊರುಗಳು ವಾರ ಗುರುತಿಸುತ್ತಿದ್ದವು. ಏಷ್ಯಾದಲ್ಲೇ ದೊಡ್ಡ ಕೊಬ್ಬರಿ ಮಾರುಕಟ್ಟೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಪ್ರಾಂಗಣದ ಅಡಿಪಾಯದಲ್ಲಿ ಆ ಸದ್ದು ಇದೆ.

ಸುಂಕದ ಕಟ್ಟೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಊರು ಹೊಗುವ ಸರಕಿಗೆ ಪುರಸಭೆ ಸುಂಕ ಎತ್ತುತ್ತಿದ್ದ ಕಾಲದಲ್ಲಿ ಗಾಡಿಗಳು ಊರ ಹೊರಗೆ ಸಾಲುಗಟ್ಟಿ ಕಾಯಬೇಕಿತ್ತು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡರೇನು ಫಲ? 1979ರಲ್ಲಿ ರಾಜ್ಯದಲ್ಲಿ ಆ ಸುಂಕವೇ ರದ್ದಾಯಿತು. ಅಷ್ಟು ಹೊತ್ತಿಗೆ ಸಾಲಿನಲ್ಲಿ ನಿಲ್ಲುವ ಗಾಡಿಗಳೂ ವಿರಳವಾಗಿದ್ದವು.

ಗಾಡಿ ಒಂದೇ ದಿನ ಹೋಗಲಿಲ್ಲ. ಮೊದಲು ಮರದ ಚಕ್ರ ಹೋಗಿ ಟೈರುಗಾಡಿ ಬಂತು. ಅದು ಹಗುರವಾಗಿ ಉರುಳಿತು, ಕುಲುಮೆಯ ಹಳಿ ಕೆಲಸ ನಿಂತಿತು. ಆಮೇಲೆ ಲಾರಿ ಹಳ್ಳಿಯ ಬಾಗಿಲಿಗೇ ಬಂತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕುವ ಮನೆಗಳೇ ಕಡಿಮೆಯಾದವು. ತೊಂಬತ್ತರ ದಶಕದಲ್ಲಿ ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದರು. ಅಷ್ಟರಲ್ಲಿ ಕೊಬ್ಬರಿ ರೈಲನ್ನೂ ಬಿಟ್ಟು ಲಾರಿ ಹತ್ತಿತ್ತು. ಇಂದು ತಿಪಟೂರಿನ ರವಾನೆದಾರರ ಗೋದಾಮಿನಿಂದ ಹೊರಟ ಲಾರಿ ನೇರ ರಾಜಸ್ಥಾನ, ಗುಜರಾತ್, ದೆಹಲಿ ಮುಟ್ಟುತ್ತದೆ. ಹರಾಜು ಕಂಪ್ಯೂಟರಿನಲ್ಲಿ ನಡೆಯುತ್ತದೆ, ಬೆಲೆ ಮೊಬೈಲಿನಲ್ಲಿ ಕಾಣುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಬೆಲೆ ಯಾರು ಕಟ್ಟುತ್ತಾರೆ ಎಂಬುದು ಬದಲಾಗಿದೆ, ಅಟ್ಟದಲ್ಲಿ ಒಂದು ವರ್ಷ ಕಾಯುವವರು ಬದಲಾಗಿಲ್ಲ.

ಈ ವ್ಯಾಪಾರದ ಲಾಭ ಊರಿಗೆ ತಿರುಗಿ ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ತಿಪಟೂರಿನ ಕಲ್ಪತರು ವಿದ್ಯಾಸಂಸ್ಥೆಯ ಕಾಲೇಜುಗಳು ಹಳ್ಳಿಯ ಮಕ್ಕಳನ್ನು ಎಂಜಿನಿಯರುಗಳನ್ನಾಗಿ, ಮೇಷ್ಟರುಗಳನ್ನಾಗಿ ಮಾಡಿವೆ. ಅಲ್ಲಿನ ಕಲಾ ಮತ್ತು ವಾಣಿಜ್ಯ ಕಾಲೇಜಿನ ಹೆಸರಿನಲ್ಲಿ ಪಲ್ಲಾಗಟ್ಟಿ ಅಡವಪ್ಪನವರ ನೆನಪು ಉಳಿದಿದೆ. ಛತ್ರಗಳ, ದೇವಸ್ಥಾನಗಳ ಕಲ್ಲಿನ ಮೇಲೆ ದಾನಿಗಳ ಹೆಸರಿದೆ. ಇರಬೇಕಾದದ್ದೇ, ಅವರು ಕೊಟ್ಟವರು. ಆದರೆ ಆ ದಾನದ ಹಿಂದಿನ ಪ್ರತಿ ಚೀಲವನ್ನೂ ರಾತ್ರಿಯೆಲ್ಲ ಹೊಡೆದುಕೊಂಡು ತಂದ ಗಾಡಿಯವರ, ಚೀಲ ಇಳಿಸಿದ ಹಮಾಲಿಗಳ, ಹಳಿ ಕಟ್ಟಿದ ಕಮ್ಮಾರರ ಹೆಸರು ಯಾವ ಕಲ್ಲಿನ ಮೇಲೂ ನನಗೆ ಕಂಡಿಲ್ಲ. ಊರಿನ ಸ್ಮರಣ ಸಂಚಿಕೆಗಳಲ್ಲೂ ಅಧ್ಯಕ್ಷರ, ಪದಾಧಿಕಾರಿಗಳ ಚಿತ್ರ ಸಾಲಾಗಿ ಬರುತ್ತದೆ, ಗಾಡಿಯವರ ಒಂದು ಚಿತ್ರವೂ ಸಿಗುವುದಿಲ್ಲ. ಇದು ನಮ್ಮ ಸಾಲ.

ಆ ಸಾಲ ತೀರಿಸುವ ದಾರಿ ಓದುಗರ ಕೈಯಲ್ಲೇ ಇದೆ. ನಿಮ್ಮ ಮನೆಯ ಅಟ್ಟದಲ್ಲಿ ಕೊಬ್ಬರಿ ಕಾಯಿಯ ಪಕ್ಕ ಹಳೆಯ ಮಂಡಿಯ ಪಟ್ಟಿ, ಕಿರ್ದಿ ಪುಸ್ತಕ, ಗೂಡ್ಸ್ ಶೆಡ್ಡಿನ ರಸೀದಿ ಇರಬಹುದು. ಗೆದ್ದಲಿಗೆ ಬಿಡಬೇಡಿ, ರದ್ದಿಗೆ ಹಾಕಬೇಡಿ. ಕೊಟ್ಟಿಗೆಯ ಮೂಲೆಯಲ್ಲಿ ಒಂಟಿ ಚಕ್ರ ಒರಗಿದ್ದರೆ ಸೌದೆಗೆ ಒಡೆಯಬೇಡಿ. ತಾಲೂಕಿಗೊಂದರಂತೆ ಮೂರು ಗಾಡಿಯನ್ನಾದರೂ ನೊಗ, ಮೂಕಿ, ಕಡಾಣಿ ಸಮೇತ ಮಾರುಕಟ್ಟೆಯ ಪ್ರಾಂಗಣದಲ್ಲಿ ಸೂರು ಕಟ್ಟಿ ಇಡಬಹುದು. ಎಲ್ಲಕ್ಕಿಂತ ಮೊದಲು, ತಿಪಟೂರಿಗೆ ಗಾಡಿ ಹೊಡೆದ ಹಿರಿಯರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇನ್ನೂ ಇದ್ದರೆ ಈ ವಾರವೇ ಹೋಗಿ ಅವರ ಹತ್ತಿರ ಕೂತುಕೊಳ್ಳಿ. ಅವರ ಹೆಸರು, ಊರು, ಎತ್ತುಗಳ ಹೆಸರು, ಯಾವ ದಾರಿಯಲ್ಲಿ ಬರುತ್ತಿದ್ದರು, ಎಲ್ಲಿ ಗಾಡಿ ಬಿಡುತ್ತಿದ್ದರು, ಯಾವ ಮಂಡಿಯ ಮುಂದೆ ನಿಲ್ಲುತ್ತಿದ್ದರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ.